ಹಕ್ಕಿ ಪ್ರಶ್ನೋತ್ತರ: ನಮ್ಮ ಮಳೆಗಾಲಕ್ಕೆ ಬರುವ ಅಂಟಾರ್ಕ್ಟಿಕದ ಪುಟ್ಟ ಪೆಟ್ರೆಲ್

ಕಳೆದ ಸಂಚಿಕೆಯಲ್ಲಿ ಅರಬ್ಬಿ ಸಮುದ್ರದ ಹಕ್ಕಿಗಳ ಬಗ್ಗೆ ಬರೆದಾಗ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲು ಹಿಡಿದುಕೊಂಡು ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳೇ ಈ ಸಲ ಹೆಚ್ಚು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಅಂಟಾರ್ಕ್ಟಿಕದ ಕುರಿತ ಟಿವಿ ಕಾರ್ಯಕ್ರಮದಲ್ಲಿ ಈ ಹಕ್ಕಿ ಅಲೆಗಳ ಮೇಲೆ ಹೆಜ್ಜೆ ಹಾಕುತ್ತಾ ಹೋಗುವುದನ್ನು ತೋರಿಸಿದರು. ನಿಜಕ್ಕೂ ನೀರಿನ ಮೇಲೆ ನಡೆಯುತ್ತದೆಯೇ? (ಬಸವನಗುಡಿಯ ಓದುಗರು)

ನಡೆಯುವುದಿಲ್ಲ. ನೆಲದ ಮೇಲೂ ಅದಕ್ಕೆ ನೆಟ್ಟಗೆ ನಡೆಯಲು ಬರುವುದಿಲ್ಲ. ಕಾಲಿನಲ್ಲಿ ಅಷ್ಟು ಬಲವಿಲ್ಲದ ಕಾರಣ ಮಂಡಿಯೂರಿದಂತೆ ತೆವಳಿಕೊಂಡು ಬಿಲ ಸೇರುತ್ತದೆ. ನೀರಿನ ಮೇಲೆ ನೀವು ಕಂಡದ್ದು ಹಾರಾಟದ್ದೇ ಒಂದು ವಿಧಾನ.

ಹಕ್ಕಿಯ ತೂಕ 30ರಿಂದ 40 ಗ್ರಾಂ, ಉದ್ದ 16ರಿಂದ 18 ಸೆಂ.ಮೀ., ಬಿಚ್ಚಿದ ರೆಕ್ಕೆಯ ಅಗಲ ಸುಮಾರು 40 ಸೆಂ.ಮೀ. ಆಹಾರ ಹುಡುಕುವಾಗ ಅದು ಗಾಳಿಗೆ ಮುಖ ಮಾಡಿ, ರೆಕ್ಕೆಗಳನ್ನು ತುಸು ಮೇಲೆತ್ತಿ ಅಲ್ಲಾಡಿಸದೆ ಹಿಡಿದು, ಉದ್ದ ಕಾಲುಗಳನ್ನು ನೀರಿಗೆ ಇಳಿಬಿಡುತ್ತದೆ. ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ನೀರಿನಲ್ಲಿರುವ ಜಾಲಪಾದ ಅದನ್ನು ತಡೆದು ಹಿಡಿಯುತ್ತದೆ. ಗಾಳಿಪಟಕ್ಕೆ ದಾರ ಮಾಡುವ ಕೆಲಸವನ್ನು ಇಲ್ಲಿ ಪಾದಗಳು ಮಾಡುತ್ತವೆ. ದಾರ ಬಿಗಿಯಿದ್ದರೆ ಪಟ ನಿಲ್ಲುತ್ತದೆ. ಹಾಗೆಯೇ ಪಾದ ನೀರು ಹಿಡಿದಿರುವವರೆಗೆ ರೆಕ್ಕೆಯ ಮೇಲೆ ಗಾಳಿ ಹರಿಯುತ್ತಲೇ ಇರುತ್ತದೆ, ರೆಕ್ಕೆ ಬಡಿಯದೆಯೇ ಹಕ್ಕಿ ಮೇಲಿರುತ್ತದೆ. ಜೊತೆಗೆ ಅಲೆಯ ಮೇಲ್ಮೈಗೆ ತೀರಾ ಹತ್ತಿರ ಹಾರುವಾಗ ರೆಕ್ಕೆಯ ಕೆಳಗಿನ ಗಾಳಿಯ ಆಸರೆ ಹೆಚ್ಚು, ಖರ್ಚಾಗುವ ಶಕ್ತಿ ಕಡಿಮೆ. ಕೊಕ್ಕು ನೀರಿನಿಂದ ಎರಡೋ ಮೂರೋ ಅಂಗುಲ ಮೇಲಿರುವುದರಿಂದ ತೇಲಿ ಬಂದ ಸಿಗಡಿಮರಿ, ಎಣ್ಣೆಯ ಹನಿ, ಸತ್ತ ಪ್ರಾಣಿಯ ಕೊಬ್ಬಿನ ಚೂರು, ಎಲ್ಲವನ್ನೂ ಹೆಕ್ಕಬಹುದು.

ಇದರಿಂದ ತಿಳಿಯಬೇಕಾದ ಇನ್ನೊಂದು ಮಾತಿದೆ. ಗಾಳಿಯಿಲ್ಲದ ದಿನ ಈ ಉಪಾಯ ನಡೆಯುವುದಿಲ್ಲ. ಆಗ ಹಕ್ಕಿ ರೆಕ್ಕೆ ಬಡಿಯುತ್ತಾ, ಕಾಲಿನಿಂದ ನೀರನ್ನು ಒದ್ದು ಒದ್ದು ಮೇಲೇಳಬೇಕು. ಅದಕ್ಕೆ ಬೇಕಿರುವುದು ಗಾಳಿಯಿರುವ ಕಡಲು. ಬಿರುಗಾಳಿಗೂ ಈ ಹಕ್ಕಿಗೂ ನಾವಿಕರು ಗಂಟು ಹಾಕಿದ್ದು ಸುಮ್ಮನೆ ಅಲ್ಲ.

ಪ್ರಶ್ನೆ: ಹೆಬ್ಬಾಳದ ಮೇಲ್ಸೇತುವೆ ಕೆಳಗೆ ಕಪ್ಪು ಮೈ, ಬಿಳಿ ಸೊಂಟದ ಹಕ್ಕಿಗಳು ಗುಂಪಾಗಿ ಹಾರುತ್ತವೆ. ಚಿತ್ರದಲ್ಲಿರುವ ಪೆಟ್ರೆಲ್ ಹಾಗೇ ಕಾಣುತ್ತವೆ. ಇವು ನೆಂಟರೇ? (ಯಲಹಂಕ)

ಅಲ್ಲ. ನೀವು ನೋಡಿದ್ದು ಮನೆ ಬಾನಾಡಿ (ಇಂಗ್ಲಿಷಿನಲ್ಲಿ ಸ್ವಿಫ್ಟ್). ಬೆಂಗಳೂರಿನ ಸೇತುವೆ, ಕಮಾನು, ಹಳೆಯ ಕಟ್ಟಡಗಳ ಸೂರಿನಡಿ ಗರಿ, ಹುಲ್ಲು, ಎಂಜಲು ಸೇರಿಸಿ ಗೂಡು ಕಟ್ಟುತ್ತದೆ. ಕೀಟಗಳೇ ಅದರ ಆಹಾರ. ಬಣ್ಣ ಒಂದೇ ತೆರನಾಗಿದೆ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲ. ಬಾನಾಡಿಯ ರೆಕ್ಕೆ ಕುಡುಗೋಲಿನ ಆಕಾರ, ಕಾಲು ಕಾಣುವುದೇ ಇಲ್ಲ. ಪೆಟ್ರೆಲ್ ಕಾಲು ಬಾಲವನ್ನೂ ದಾಟಿ ಹಿಂದೆ ಚಾಚಿರುತ್ತದೆ.

ಪ್ರಶ್ನೆ: ಅಂಟಾರ್ಕ್ಟಿಕದ ಹಕ್ಕಿ ಕರ್ನಾಟಕದ ಕಡಲಿಗೆ ಯಾಕೆ ಬರಬೇಕು? ಯಾವ ತಿಂಗಳಲ್ಲಿ? (ರಾಜಾಜಿನಗರ)

ನಮ್ಮ ಮಳೆಗಾಲವೆಂದರೆ ಅದಕ್ಕೆ ಚಳಿಗಾಲ. ಅಂಟಾರ್ಕ್ಟಿಕದ ಕರಾವಳಿ, ದಕ್ಷಿಣ ಶೆಟ್‌ಲ್ಯಾಂಡ್, ದಕ್ಷಿಣ ಜಾರ್ಜಿಯಾ, ಕೆರ್ಗುಲೆನ್ ಮುಂತಾದ ದ್ವೀಪಗಳಲ್ಲಿ ಅದು ನವೆಂಬರ್ ಹೊತ್ತಿಗೆ ಗೂಡಿನ ಜಾಗಕ್ಕೆ ಬಂದು, ಡಿಸೆಂಬರ್–ಜನವರಿಯಲ್ಲಿ ಮೊಟ್ಟೆಯಿಟ್ಟು, ಮಾರ್ಚ್–ಏಪ್ರಿಲ್‌ನಲ್ಲಿ ಮರಿಯನ್ನು ಹಾರಿಸುತ್ತದೆ. ಆಮೇಲೆ ಅಲ್ಲಿ ಕಡಲು ಹೆಪ್ಪುಗಟ್ಟತೊಡಗುತ್ತದೆ. ಹಕ್ಕಿಗಳು ಸಮಭಾಜಕ ದಾಟಿ ಉತ್ತರಕ್ಕೆ ಬರುತ್ತವೆ: ಒಂದು ಪಾಲು ಉತ್ತರ ಅಟ್ಲಾಂಟಿಕ್‌ಗೆ, ಇನ್ನೊಂದು ಪಾಲು ಅರಬ್ಬಿ ಸಮುದ್ರಕ್ಕೆ. ಅಂಟಾರ್ಕ್ಟಿಕದ ಕರಾವಳಿಯಿಂದ ಮಂಗಳೂರಿನ ಅಕ್ಷಾಂಶಕ್ಕೆ ನೇರ ಗೆರೆ ಎಳೆದರೂ 8,000 ಕಿ.ಮೀ. ದಾಟುತ್ತದೆ. ಗಾಳಿ ಹಿಡಿದು ಬಳಸಿ ಬರುವ ದಾರಿ ಅದಕ್ಕಿಂತ ಎಷ್ಟೋ ಹೆಚ್ಚು.

ಇಲ್ಲಿ ಅದಕ್ಕೆ ಸಿಗುವುದೇನು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಮೇಲ್ಭಾಗದ ಬೆಚ್ಚನೆ ನೀರನ್ನು ತೀರದಿಂದ ದೂರ ಸರಿಸುತ್ತದೆ. ಆ ಜಾಗಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿಬರುತ್ತದೆ. ಸೋಮಾಲಿಯ, ಒಮಾನ್ ತೀರಗಳಲ್ಲಿ ಇದು ಬಲು ಜೋರು. ಕೇರಳ, ಕರ್ನಾಟಕದ ಕಡೆ ಅದಕ್ಕಿಂತ ಕಡಿಮೆ, ಆದರೂ ಸಾಕಷ್ಟು. ಅದರಿಂದ ಪಾಚಿಯಂಥ ಸೂಕ್ಷ್ಮ ಸಸ್ಯಗಳು ಹೆಚ್ಚುತ್ತವೆ, ಅವನ್ನು ತಿನ್ನುವ ಸಿಗಡಿ ಜಾತಿಯ ಸಣ್ಣ ಜೀವಿಗಳು ಹೆಚ್ಚುತ್ತವೆ. ಬೂತಾಯಿ, ಬಂಗುಡೆ ಮೀನು ನಮ್ಮ ಕರಾವಳಿಗೆ ಕೊಡುವ ಸಮೃದ್ಧಿಗೂ ಈ ಹಕ್ಕಿಯ ಊಟಕ್ಕೂ ಮೂಲ ಒಂದೇ.

ಹಾಗಾಗಿ ಮೇ ತಿಂಗಳಿಂದ ಅಕ್ಟೋಬರ್ ಮೊದಲ ಭಾಗದವರೆಗೆ ನಿರೀಕ್ಷಿಸಬಹುದು. ಈ ಅವಧಿಯಲ್ಲೇ ಅದು ರೆಕ್ಕೆಗರಿ ಉದುರಿಸಿ ಹೊಸದು ಬೆಳೆಸುತ್ತದೆ. ಜೂನ್–ಜುಲೈನಲ್ಲಿ ರೆಕ್ಕೆಯ ನಡುವೆ ಸಂದು ಕಂಡರೆ ಗಾಯವೆಂದು ತಿಳಿಯಬೇಡಿ.

ಪ್ರಶ್ನೆ: ವಾರಾಂತ್ಯದಲ್ಲಿ ಹೋಗಿ ನೋಡಬಹುದೇ? ಎಲ್ಲಿಂದ, ಹೇಗೆ, ಏನು ಒಯ್ಯಬೇಕು? (ಜಯನಗರದ ಹವ್ಯಾಸಿ ಗುಂಪು)

ತೀರದಲ್ಲಿ ನಿಂತು ಕಾಣುವ ಹಕ್ಕಿ ಇದಲ್ಲ. ಬೋಟಿನಲ್ಲಿ 30ರಿಂದ 50 ಕಿ.ಮೀ. ಹೊರಗೆ ಹೋಗಬೇಕು. ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಮಂಗಳೂರಿನಲ್ಲೋ ಮಲ್ಪೆಯಲ್ಲೋ ಇರುತ್ತೀರಿ. ಆದರೆ ಬಸ್ಸಿಳಿದು ನೇರ ಬೋಟು ಹತ್ತುವುದನ್ನು ನಾವು ಒಪ್ಪುವುದಿಲ್ಲ. ನಿದ್ದೆಗೆಟ್ಟ ಹೊಟ್ಟೆಗೆ ಅಲೆ ತಗುಲಿದರೆ ದಿನವಿಡೀ ವಾಂತಿಯೇ. ಒಂದು ರಾತ್ರಿ ಅಲ್ಲಿ ಉಳಿದು, ಮರುದಿನ ನಸುಕಿಗೆ ಹೊರಡಿ.

ಮೊದಲು ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಕಡಲೂ ಹೋಗುವಂತಿರುವುದಿಲ್ಲ. ಹಕ್ಕಿಯಿರುವ ಒಳ್ಳೆಯ ಎರಡು ತಿಂಗಳು ಹೀಗೆ ಕೈತಪ್ಪುತ್ತವೆ. ಉಳಿದದ್ದು ಮೇ ಕೊನೆಯ ವಾರದೊಳಗಿನ ದಿನಗಳು, ಆಮೇಲೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗಿನ ಅವಧಿ. ನಮ್ಮ ಮಟ್ಟಿಗೆ ಸೆಪ್ಟೆಂಬರ್ ಒಳ್ಳೆಯದು: ಕಡಲು ಸ್ವಲ್ಪ ತಣಿದಿರುತ್ತದೆ, ನೀರಿನಲ್ಲಿ ಆಹಾರ ಇನ್ನೂ ಇರುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಹಿಂದಿನ ಸಂಜೆ ನೋಡಿ. ಬೋಟು ನಡೆಸುವ ತಾಂಡೇಲರು ಬೇಡವೆಂದರೆ ಬೇಡ, ಚರ್ಚೆಗೆ ಇಳಿಯಬೇಡಿ.

ಬೋಟಿಗೆ ಪ್ರಯಾಣಿಕರನ್ನು ಒಯ್ಯಲು ಅನುಮತಿ ಇದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ವೈರ್‌ಲೆಸ್ ಕೆಲಸ ಮಾಡುತ್ತದೆಯೇ ಎಂಬ ಮೂರನ್ನೂ ಹಣ ಕೊಡುವ ಮೊದಲೇ ಕೇಳಿ. ಹೋಗುವವರ ಹೆಸರಿನ ಪಟ್ಟಿ, ಗುರುತಿನ ಚೀಟಿಯ ಪ್ರತಿ ಕರಾವಳಿ ಕಾವಲು ಪೊಲೀಸರಿಗೆ ಮುಂಚೆಯೇ ತಲುಪಿರಲಿ. ಗಂಟೆಗೆ 15 ಕಿ.ಮೀ. ವೇಗದ ಬೋಟು 40 ಕಿ.ಮೀ. ಹೋಗಲು ಎರಡೂವರೆ ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ, ಬರಲು ಮತ್ತಷ್ಟೇ. ಬೆಳಿಗ್ಗೆ 5ಕ್ಕೆ ಹೊರಟರೆ ಮಾತ್ರ ಹಕ್ಕಿಗೆ ಸಮಯ ಉಳಿಯುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಅದು ಹತ್ತುವುದಕ್ಕೆ ಮುಕ್ಕಾಲು ಗಂಟೆ ಮೊದಲು ಹೊಟ್ಟೆಯಲ್ಲಿರಬೇಕು, ತಲೆ ತಿರುಗಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು.

ಇನ್ನು ಹಕ್ಕಿಯನ್ನು ಕರೆಯುವ ಕೆಲಸ. ಕರಾವಳಿಯಲ್ಲಿ ಸಿಗುವ ಬೂತಾಯಿ ಎಣ್ಣೆ ಕಾಲು ಲೀಟರ್, ಉಪ್ಪು ಖಾರ ಸೇರಿಸದ ಮಂಡಕ್ಕಿ ಅರ್ಧ ಕಿಲೋ. ಹಿಂದಿನ ರಾತ್ರಿಯೇ ಕಲಸಿ ಮುಚ್ಚಳ ಬಿಗಿಯಾದ ಬಕೆಟ್ಟಿನಲ್ಲಿಡಿ. ಮಂಡಕ್ಕಿ ಎಣ್ಣೆ ಹೀರಿಕೊಂಡು ತೇಲುತ್ತದೆ. ಅಡುಗೆ ಎಣ್ಣೆ ಹಾಕಿದರೆ ಆಗದು, ಅದಕ್ಕೆ ಮೀನಿನ ವಾಸನೆಯಿಲ್ಲ. ಎಂಜಿನ್ ನಿಲ್ಲಿಸಿ ಬೋಟನ್ನು ತೇಲಲು ಬಿಟ್ಟು ಒಂದೊಂದು ಹಿಡಿ ಎಸೆಯಿರಿ, ಎರಡು ಮೂರು ನಿಮಿಷಕ್ಕೊಮ್ಮೆ. ಒಮ್ಮೆಗೇ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಎಣ್ಣೆ ಅತಿ ತೆಳುವಾಗಿ ಹರಡುವ ವಸ್ತು; ಒಂದು ಚಮಚ ಎಣ್ಣೆ ಕೊಳದ ಅರ್ಧ ಎಕರೆಯನ್ನು ಹಬ್ಬುವುದನ್ನು ಬೆಂಜಮಿನ್ ಫ್ರಾಂಕ್ಲಿನ್ 18ನೆಯ ಶತಮಾನದಲ್ಲೇ ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ತೋರಿಸಿದ್ದರು. ಬೇಕಿರುವುದು ಕಡಿಯದ ವಾಸನೆಯ ಎಳೆ.

ಹಕ್ಕಿಗಳು ವಾಸನೆ ಹಿಡಿದು ಗಾಳಿಗೆ ಎದುರಾಗಿ ಬರುತ್ತವೆ. ಹಾಗಾಗಿ ಗಾಳಿಗೆ ಬೆನ್ನು ಮಾಡಿ ನಿಂತು ಅದು ಬೀಸಿ ಹೋಗುವ ಕಡೆಗೇ ಕಣ್ಣಿಡಿ, ಅಲೆಯ ಮೇಲ್ಮೈಯಿಂದ ಒಂದು ಅಡಿ ಎತ್ತರದಲ್ಲಿ. ಆಕಾಶ ನೋಡುತ್ತಾ ಕೂತರೆ ಹಕ್ಕಿ ಬೋಟಿನ ಪಕ್ಕವೇ ಹಾದುಹೋದರೂ ಕಾಣದು. ಅರ್ಧ ಗಂಟೆ ಕಾದು ಏನೂ ಬಾರದಿದ್ದರೆ ಜಾಗ ಬದಲಿಸಿ. ಟ್ರಾಲ್ ಬೋಟು ಬಲೆ ಎತ್ತಿ ಮೀನು ಆಯುವುದು ಕಂಡರೆ ಅದರ ಹಿಂದಿನ ನೀರನ್ನು ತಪ್ಪದೆ ನೋಡಿ.

ಬೈನಾಕ್ಯುಲರ್ 8×42 ಇರಲಿ. 10 ಪಟ್ಟು ಹಿಗ್ಗಿಸುವುದು ಅಲ್ಲಾಡುವ ಬೋಟಿನಲ್ಲಿ ಕಣ್ಣಿಗೆ ಹಿಂಸೆ.

ಪ್ರಶ್ನೆ: ಫೋಟೊ ತೆಗೆದರೆ ಕಪ್ಪು ಚುಕ್ಕೆ ಮಾತ್ರ ಬರುತ್ತದೆ. ಮತ್ತೆ, ಅದು ವಿಲ್ಸನ್ನೇ ಎಂದು ಖಚಿತಪಡಿಸುವುದು ಹೇಗೆ? (ಇಂದಿರಾನಗರ)

ಹೊಳೆಯುವ ನೀರನ್ನು ಅಳೆದು ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಶರ್ ಅನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ. ಅದಕ್ಕಿಂತ ಹೆಚ್ಚಾದರೆ ಸೊಂಟದ ಬಿಳುಪು ಸುಟ್ಟು ಅಂಚು ಕಾಣದಾಗುತ್ತದೆ, ಗುರುತಿಗೆ ಬೇಕಾದದ್ದು ಆ ಅಂಚೇ. ಶಟರ್ 1/2000ಕ್ಕಿಂತ ವೇಗ, 300–400 ಮಿ.ಮೀ. ಲೆನ್ಸ್, ರಾ ಕಡತ. 600 ಮಿ.ಮೀ. ಲೆನ್ಸ್‌ನಲ್ಲಿ ಹಕ್ಕಿಯನ್ನು ಚೌಕಟ್ಟಿಗೆ ತರುವಷ್ಟರಲ್ಲಿ ಅದು ಅಲೆಯ ಮರೆಗೆ ಹೋಗಿರುತ್ತದೆ.

ಗುರುತಿಗೆ ಮೂರು ಕಡೆ ನೋಡಿ. ಬಾಲ ಕವಲಿಲ್ಲದೆ ನೇರ ಕತ್ತರಿಸಿದಂತೆ ಇರಬೇಕು. ಬಿಳುಪು ಸೊಂಟದಲ್ಲಿ ನಿಲ್ಲದೆ ಎರಡೂ ಪಕ್ಕಕ್ಕೆ ಇಳಿದು ಬಾಲದ ಬುಡವನ್ನು ಕೆಳಗಿನಿಂದಲೂ ಸುತ್ತಿರಬೇಕು. ಹಾರುವಾಗ ಪಾದಗಳು ಬಾಲದ ತುದಿ ದಾಟಿ ಹೊರಗೆ ಕಾಣಬೇಕು. ಬೆರಳ ನಡುವಿನ ಪೊರೆ ಹಳದಿ ಎಂದು ಪುಸ್ತಕಗಳು ಬರೆಯುತ್ತವೆ, ಅದು ನಿಜ. ಆದರೆ ಬೋಟಿನಿಂದ ಕಾಣುವುದು ಅಪರೂಪ, ಅದನ್ನೇ ನೆಚ್ಚಬೇಡಿ.

ನಮ್ಮ ಕಡಲಲ್ಲಿ ಹೆಚ್ಚು ಗೊಂದಲ ಮಾಡುವುದು ಸ್ವಿನ್ಹೋ ಸ್ಟಾರ್ಮ್ ಪೆಟ್ರೆಲ್. ಪೂರ್ವ ಏಷ್ಯಾದ ದ್ವೀಪಗಳಿಂದ ಬರುವ ಅದರ ಸೊಂಟ ಕಪ್ಪು, ಬಾಲ ಕವಲು, ಹಾರಾಟ ನೆಗೆದು ನೆಗೆದು ಹೋಗುವಂಥದ್ದು. ಹೊಟ್ಟೆ ಬಿಳಿಯಿದ್ದು ನಡುವೆ ಕಪ್ಪು ಪಟ್ಟೆಯಿದ್ದರೆ ಕಪ್ಪುಹೊಟ್ಟೆಯ ಸ್ಟಾರ್ಮ್ ಪೆಟ್ರೆಲ್. ಸೆಪ್ಟೆಂಬರ್ ನಂತರ ನೀರಿನ ಮೇಲೆ ಗುಂಪಾಗಿ ಕೂತು, ಎದ್ದಾಗ ರೆಕ್ಕೆಯಲ್ಲಿ ಬಿಳಿ ಗೆರೆ ತೋರುವ ಪುಟ್ಟ ಹಕ್ಕಿ ಪೆಟ್ರೆಲ್ ಅಲ್ಲವೇ ಅಲ್ಲ, ಅದು ಫಲರೋಪ್. ನಮಗೆ ಬರುವ ಚಿತ್ರಗಳಲ್ಲಿ ಈ ತಪ್ಪೇ ಜಾಸ್ತಿ.

ಪ್ರಶ್ನೆ: ಗುರುತೇ ಇಲ್ಲದ ಕಡಲಲ್ಲಿ ಬರೀ ವಾಸನೆಯಿಂದ ಆಹಾರ ಹುಡುಕುತ್ತದೆ ಎನ್ನುವುದು ನಂಬುವಂಥದ್ದೇ? (ಮಲ್ಲೇಶ್ವರದ ಪಿಯುಸಿ ವಿದ್ಯಾರ್ಥಿನಿ)

ನಂಬಬಹುದು, ಪ್ರಯೋಗದಿಂದ ತೋರಿಸಿದ್ದಾರೆ. ಕಡಲಿನ ಸೂಕ್ಷ್ಮ ಸಸ್ಯಗಳನ್ನು ಸಿಗಡಿ ಹೋಲುವ ಕ್ರಿಲ್‌ನಂಥ ಜೀವಿಗಳು ಮೇಯುವಾಗ ಜೀವಕೋಶ ಒಡೆದು ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬರುತ್ತದೆ. ಅನಿಲ ದಟ್ಟವಾಗಿರುವ ಕಡೆ ಮೇಯುವ ಜೀವಿಗಳೂ ಇರುತ್ತವೆ. ವಿಜ್ಞಾನಿ ಗೇಬ್ರಿಯಲ್ ನೆವಿಟ್ ಮತ್ತು ಸಂಗಡಿಗರು ದಕ್ಷಿಣ ಜಾರ್ಜಿಯಾದ ಬಳಿ ಸಸ್ಯಜನ್ಯ ಎಣ್ಣೆಗೆ ಈ ಅನಿಲ ಬೆರೆಸಿ ಕಡಲಿಗೆ ಬಿಟ್ಟರು, ಹೋಲಿಕೆಗೆ ಬೆರೆಸದ ಎಣ್ಣೆಯನ್ನೂ ಬಿಟ್ಟರು. ಬೆರೆಸಿದ ಕಡೆಗೆ ಸ್ಟಾರ್ಮ್ ಪೆಟ್ರೆಲ್‌ಗಳು ಹೆಚ್ಚು ಬಂದವು. 1995ರಲ್ಲಿ ಇದು ಪ್ರಕಟವಾಯಿತು. ಕೊಕ್ಕಿನ ಮೇಲಿನ ಕೊಳವೆಯಾಕಾರದ ಮೂಗು, ಮಿದುಳಿನಲ್ಲಿ ವಾಸನೆಗೆಂದೇ ಇರುವ ದೊಡ್ಡ ಭಾಗ, ಎರಡೂ ಈ ಕೆಲಸಕ್ಕೆ ಒದಗುತ್ತವೆ.

ಇದೇ ಶಕ್ತಿ ಈಗ ಅವುಗಳಿಗೆ ಕುತ್ತೂ ಆಗಿದೆ. ಬಹುದಿನ ತೇಲಿದ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದಾಗ ಅದೂ ಇದೇ ಅನಿಲ ಬಿಡುತ್ತದೆ. ವಾಸನೆ ಆಹಾರದ್ದು, ಸಿಗುವುದು ಪ್ಲಾಸ್ಟಿಕ್ ಚೂರು.

ಪ್ರಶ್ನೆ: ಉಪ್ಪುನೀರನ್ನೇ ಕುಡಿಯುತ್ತದೆಯೇ? (ವಿಜಯನಗರ)

ಹೌದು. ಕಣ್ಣಿನ ಮೇಲಿರುವ ಗ್ರಂಥಿಗಳು ರಕ್ತದಿಂದ ಉಪ್ಪನ್ನು ಬೇರ್ಪಡಿಸುತ್ತವೆ. ಅದು ಕಡಲಿಗಿಂತಲೂ ಉಪ್ಪಾದ ದ್ರವವಾಗಿ ಮೂಗಿನ ಕೊಳವೆಯಿಂದ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಕೋಟಿಗಟ್ಟಲೆ ಇವೆ ಎನ್ನುತ್ತಾರೆ. ಬಂಡೆಸಂದಿಯಲ್ಲಿ ಅಡಗುವ ಹಕ್ಕಿಯನ್ನು ಎಣಿಸುವುದು ಹೇಗೆ? (ಎಚ್‌ಎಸ್‌ಆರ್ ಬಡಾವಣೆ)

ಬಹಳ ಒಳ್ಳೆಯ ಪ್ರಶ್ನೆ. ಪೆಂಗ್ವಿನ್‌ನಂತೆ ಮೇಲಿನಿಂದ ಚಿತ್ರ ತೆಗೆದು ಎಣಿಸಲು ಇಲ್ಲಿ ಆಗದು. ಸ್ಕುವಾ ಎಂಬ ಬೇಟೆಗಾರ ಕಡಲಹಕ್ಕಿಗಳ ಭಯಕ್ಕೆ ಕತ್ತಲಾದ ಮೇಲೆಯೇ ಗೂಡಿಗೆ ಬರುತ್ತದೆ, ಬೆಳದಿಂಗಳಿದ್ದರೆ ಇನ್ನೂ ಹಿಂಜರಿಯುತ್ತದೆ. ಗೂಡೋ ಕಲ್ಲುರಾಶಿಯ ಒಳಗೆ.

ಎಣಿಸುವವರು ಇಳಿಜಾರಿನಲ್ಲಿ ಅಳತೆ ಮಾಡಿದ ಚೌಕಗಳನ್ನು ಗುರುತಿಸಿ, ಪ್ರತಿ ಸಂದಿಯ ಬಾಯಲ್ಲೂ ಧ್ವನಿಮುದ್ರಿತ ಕೂಗನ್ನು ಕೇಳಿಸುತ್ತಾರೆ. ಒಳಗಿನ ಹಕ್ಕಿ ಮರುದನಿ ಕೊಟ್ಟರೆ ಗೂಡಿದೆ. ಆದರೆ ಒಳಗಿರುವ ಎಲ್ಲವೂ ಉತ್ತರಿಸುವುದಿಲ್ಲ. ಹಾಗಾಗಿ ಹಕ್ಕಿಯಿದೆಯೆಂದು ಖಚಿತವಾಗಿ ಗೊತ್ತಿರುವ ಸಂದಿಗಳಲ್ಲಿ ಮೊದಲು ಪರೀಕ್ಷೆ ಮಾಡುತ್ತಾರೆ. ಹತ್ತರಲ್ಲಿ ಐದು ಉತ್ತರಿಸಿದರೆ ಉಳಿದ ಕಡೆಯ ಲೆಕ್ಕವನ್ನು ಎರಡರಿಂದ ಗುಣಿಸಬೇಕು. ಆಮೇಲೆ ಗೂಡಿಗೆ ತಕ್ಕ ನೆಲದ ಒಟ್ಟು ವಿಸ್ತೀರ್ಣಕ್ಕೆ ಹಿಗ್ಗಿಸಬೇಕು. ಒಂದೊಂದು ಹಂತದ ಸಣ್ಣ ತಪ್ಪೂ ಗುಣಾಕಾರವಾಗಿ ಬೆಳೆಯುತ್ತದೆ. ಅದಕ್ಕೇ ಇವುಗಳ ಅಂದಾಜು ಕೋಟಿ ದಾಟುತ್ತದೆ ಎನ್ನುವಲ್ಲಿ ಎಲ್ಲರಿಗೂ ಒಮ್ಮತವಿದ್ದರೂ ಎಷ್ಟು ಕೋಟಿ ಎಂಬಲ್ಲಿ ಅಂತರ ದೊಡ್ಡದು.

ಸಂಖ್ಯೆ ದೊಡ್ಡದೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ತಾಯಿಯ ತೂಕದ ಕಾಲುಭಾಗದಷ್ಟು. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 40ರಿಂದ 50 ದಿನ ಕಾವು ಕೊಡುತ್ತವೆ. ಮರಿ ಹಾರಲು ಮತ್ತೆ ಎರಡು ತಿಂಗಳು. ಹಿಮ ಬಿದ್ದು ಸಂದಿಯ ಬಾಯಿ ಮುಚ್ಚಿದರೆ ತಂದೆತಾಯಿಗೆ ಒಳಗೆ ಹೋಗಲಾಗುವುದಿಲ್ಲ. ಮೈಯಲ್ಲಿ ಕೊಬ್ಬು ತುಂಬಿಕೊಂಡ ಮರಿ ಕೆಲವು ದಿನ ತಡೆಯುತ್ತದೆ, ಆಮೇಲೆ ಇಲ್ಲ. ಅಂಟಾರ್ಕ್ಟಿಕದ ಬಳಿಯ ಕಿಂಗ್ ಜಾರ್ಜ್ ದ್ವೀಪದಲ್ಲಿ ದಶಕಗಳಿಂದ ನಿಗಾ ಇಟ್ಟಿರುವ ನೆಲೆಗಳಲ್ಲಿ ಗೂಡುಗಳು ತೀವ್ರವಾಗಿ ಇಳಿದಿವೆ. ಅಳಿವಿನ ಅಪಾಯ ತೂಗುವ ಜಾಗತಿಕ ಪಟ್ಟಿಯಲ್ಲಿ ಇದು ಇನ್ನೂ ಅಪಾಯವಿಲ್ಲದ ಹಕ್ಕಿ. ಆ ನೆಲೆಗಳ ಮಟ್ಟಿಗೆ ಆ ಮಾತು ಸಲ್ಲದು.

ಪ್ರಶ್ನೆ: ಗಾಳಿಮಳೆಯ ಮರುದಿನ ತಾರಸಿಯಲ್ಲಿ ಹಾರಲಾರದ ಕಪ್ಪು ಹಕ್ಕಿ ಸಿಕ್ಕರೆ ಏನು ಮಾಡಬೇಕು? (ಕೆಂಗೇರಿ ಉಪನಗರ)

ಬೆಂಗಳೂರಿನಲ್ಲಿ ಅಂಥ ಹಕ್ಕಿ ಹೆಚ್ಚಿನ ಸಲ ಬಾನಾಡಿಯೇ. ಆದರೂ ಚಂಡಮಾರುತಗಳ ನಂತರ ಕಡಲಹಕ್ಕಿಗಳು ಒಳನಾಡಿನಲ್ಲಿ ಇಳಿದದ್ದುಂಟು, ಆದ್ದರಿಂದ ಬೆರಳು ನೋಡಿ. ಬೆರಳ ನಡುವೆ ಪೊರೆಯಿದ್ದು ಕೊಕ್ಕಿನ ಮೇಲೆ ಕೊಳವೆಯಿದ್ದರೆ ಅದು ಪೆಟ್ರೆಲ್ ಬಳಗದ್ದು.

ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡ ರಟ್ಟಿನ ಪೆಟ್ಟಿಗೆಗೆ ಪೆನ್ಸಿಲ್ ಗಾತ್ರದ ಎಂಟು ಹತ್ತು ತೂತು ಮಾಡಿ. ತಳಕ್ಕೆ ಎಳೆ ಏಳದ ಹತ್ತಿಬಟ್ಟೆ ಹಾಸಿ. ಟರ್ಕಿ ಟವೆಲ್‌ನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿಯನ್ನು ಬಟ್ಟೆಯಿಂದಲೇ ಎತ್ತಿ, ಬರಿಗೈ ಬೇಡ: ಕೈಯ ಜಿಡ್ಡು ತಗುಲಿದ ಗರಿ ನೀರು ತಡೆಯುವ ಗುಣ ಕಳೆದುಕೊಳ್ಳುತ್ತದೆ, ಕಡಲಿಗೆ ಮರಳಿದ ಮೇಲೆ ಹಕ್ಕಿ ನೆನೆದು ಚಳಿಗೆ ಸಾಯುತ್ತದೆ. ಎತ್ತುವಾಗ ಅದು ದುರ್ವಾಸನೆಯ ಎಣ್ಣೆ ಕಕ್ಕಬಹುದು. ಅದು ಅದರ ರಕ್ಷಣೆ, ಕಾಯಿಲೆಯಲ್ಲ. ಕಕ್ಕಿದ್ದು ಗರಿಗೆ ಅಂಟದಂತೆ ಬಟ್ಟೆ ಬದಲಿಸಿ.

ಪೆಟ್ಟಿಗೆ ಮುಚ್ಚಿ ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿಡಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅನ್ನ, ಬ್ರೆಡ್ಡು, ಹಾಲು ಯಾವುದೂ ಬೇಡ. ಕಡಲಹಕ್ಕಿಯೆಂದು ಟಬ್ಬಿನ ನೀರಿಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ತಾರಸಿಯಿಂದ ಮೇಲಕ್ಕೆ ಎಸೆದು ಪರೀಕ್ಷಿಸುವುದೂ ಬೇಡ. ಉಪವಾಸದಿಂದ ಎದೆಯ ಸ್ನಾಯು ಕರಗಿರುವ ಹಕ್ಕಿ ನೇರ ಕೆಳಗೆ ಬೀಳುತ್ತದೆ.

ನಂತರ ಅರಣ್ಯ ಇಲಾಖೆಗೆ ತಿಳಿಸಿ, ಇಲ್ಲವೇ ನಿಮ್ಮ ಬಡಾವಣೆಗೆ ಹತ್ತಿರದಲ್ಲೇ ಇರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಪೆಟ್ಟಿಗೆ ತೆರೆಯದೆ ಒಯ್ಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಸಿಕ್ಕ ಜಾಗ, ದಿನಾಂಕ, ಗಂಟೆ ಪೆಟ್ಟಿಗೆಯ ಮೇಲೆ ಬರೆಯಿರಿ. ಬೆನ್ನು, ಬಾಲದ ಕೆಳಭಾಗ, ಪಾದ, ಕೊಕ್ಕು ಕಾಣುವಂತೆ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ, ಅದೂ ಮುಚ್ಚುವ ಮೊದಲು ಒಂದೇ ಸಲ.

ಬೋಟಿನಲ್ಲಿ ಹೋದವರಿಗೂ ಇದು ಅನ್ವಯ. ಮಂಜು ಕವಿದ ರಾತ್ರಿ ದೀಪಕ್ಕೆ ಬಂದು ಡೆಕ್ಕಿಗೆ ಬಡಿದ ಪೆಟ್ರೆಲ್ ಅನ್ನು ಪೆಟ್ಟಿಗೆಯಲ್ಲಿಟ್ಟು, ಮೈ ಒಣಗಿದ ಮೇಲೆ ಹೊರಗಿನ ದೀಪಗಳನ್ನು ಆರಿಸಿ, ಗಾಳಿ ತಾಗದ ಬದಿಯಲ್ಲಿ ನೀರಿಗೆ ಸಾಧ್ಯವಾದಷ್ಟು ಹತ್ತಿರ ಬಗ್ಗಿ, ಬಟ್ಟೆ ಹಾಸಿದ ಅಂಗೈ ತೆರೆದು ಬಿಡಬೇಕು. ದೀಪ ಉರಿಯುತ್ತಿರುವಾಗ ಬಿಟ್ಟರೆ ಅದು ಸುತ್ತಿ ಬಂದು ಮತ್ತೆ ಅಲ್ಲಿಗೇ ಬಡಿಯುತ್ತದೆ.